ಹಂದಿ ಸತ್ತ ಮರಿ ಹಾಕಿತಾ? ಮೊದಲು ಕ್ಯಾಲೆಂಡರ್ ತೆಗೆಯಿರಿ

ಚೊಚ್ಚಲ ಹಂದಿ. ಹೊಟ್ಟೆ ನೆಲಕ್ಕೆ ತಾಗುವ ಹಾಗಿತ್ತು, ಹತ್ತು ಮರಿ ಗ್ಯಾರಂಟಿ ಅಂತ ಲೆಕ್ಕ ಹಾಕಿಕೊಂಡು ಕೂತಿದ್ದಿರಿ. ಬೆಳಗ್ಗೆ ಶೆಡ್ಡಿಗೆ ಹೋಗಿ ನೋಡಿದರೆ ಮೂರು ಮರಿ ಬದುಕಿವೆ, ಅದರಲ್ಲಿ ಒಂದು ನಿಲ್ಲಲಾರದೆ ನಡುಗುತ್ತಿದೆ. ಎರಡು ಪೂರ್ತಿ ಬೆಳೆದು ಸತ್ತಿವೆ. ಉಳಿದವು ಕಂದು ಬಣ್ಣಕ್ಕೆ ತಿರುಗಿ ಒಣಗಿದ ಗೊಂಬೆಗಳ ಹಾಗಿವೆ, ಒಂದು ಬೆರಳುದ್ದ, ಇನ್ನೊಂದು ಗೇಣುದ್ದ. ತಾಯಿ ಹಂದಿ ಮಾತ್ರ ಏನೂ ಆಗಿಲ್ಲದ ಹಾಗೆ ಎದ್ದು ತೊಟ್ಟಿಗೆ ಮೂತಿ ಹಾಕುತ್ತಿದೆ. ಜ್ವರ ಇಲ್ಲ, ಕೆಮ್ಮಿಲ್ಲ, ಮೇವು ಬಿಟ್ಟಿಲ್ಲ.

ಇಂಥ ಬೆಳಗ್ಗೆ ಎಲ್ಲರೂ ನಿನ್ನೆ ಮೊನ್ನೆ ಏನಾಯಿತು ಅಂತ ಹುಡುಕುತ್ತಾರೆ. ಫೀಡ್ ಬದಲಾಯಿಸಿದ್ದೇ ತಪ್ಪಾಯಿತು ಅಂತ ಒಬ್ಬರು, ಕೆಲಸದ ಹುಡುಗ ಹೊಡೆದಿರಬೇಕು ಅಂತ ಇನ್ನೊಬ್ಬರು, ಯಾರದೋ ಕಣ್ಣು ಬಿತ್ತು ಅಂತ ಅಜ್ಜಿ. ಕೊನೆಗೆ ಈ ಹಂದಿ ಸರಿಯಿಲ್ಲ ಅಂತ ಅದೇ ವಾರ ಮಾರಿಯೂ ಬಿಡುತ್ತಾರೆ. ಕಾರಣ ನಿನ್ನೆಯದ್ದಲ್ಲ. ಎರಡು ತಿಂಗಳ ಹಿಂದೆ, ಒಂದು ಸಂಜೆ, ಒಂದು ಸೊಳ್ಳೆ ಕಚ್ಚಿ ಹೋಗಿರಬಹುದು. ಆ ಸಂಜೆಯನ್ನು ಹೇಗೆ ಹುಡುಕುವುದು, ಹುಡುಕಿದ ಮೇಲೆ ಏನು ಮಾಡುವುದು ಅನ್ನುವುದಕ್ಕೆ ಈ ಬರಹ.

ಯಾವ ಕಾಯಿಲೆ ಇದು

ಊರಲ್ಲಿ ಮೆದುಳು ಜ್ವರ ಅನ್ನುತ್ತಾರಲ್ಲ, ಅದೇ. ಜಪಾನೀಸ್ ಎನ್ಸೆಫಲೈಟಿಸ್, ಚಿಕ್ಕದಾಗಿ ಜೆಇ. ಮಕ್ಕಳ ಕಾಯಿಲೆ ಅಂತಲೇ ನಮಗೆ ಗೊತ್ತು. ಹಂದಿ ಸಾಕುವವರಿಗೂ ಇದು ದುಡ್ಡಿನ ಪೆಟ್ಟು ಕೊಡುತ್ತದೆ ಅನ್ನುವುದು ಅಷ್ಟು ಜನಕ್ಕೆ ಗೊತ್ತಿಲ್ಲ.

ವೈರಸ್ ಇರುವುದು ಬೆಳ್ಳಕ್ಕಿ, ಬಕ ಇಂಥ ನೀರ ಹಕ್ಕಿಗಳಲ್ಲಿ. ಅಲ್ಲಿಂದ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಎತ್ತಿಕೊಂಡು ಬರುತ್ತದೆ. ಹಂದಿಗೆ ಕಚ್ಚಿದರೆ ವೈರಸ್ಸಿಗೆ ಹಬ್ಬ. ಎರಡರಿಂದ ನಾಲ್ಕು ದಿನ ಹಂದಿಯ ರಕ್ತದಲ್ಲಿ ಅದು ವಿಪರೀತ ಹೆಚ್ಚುತ್ತದೆ, ಆ ದಿನಗಳಲ್ಲಿ ಕಚ್ಚಿದ ಸೊಳ್ಳೆಗಳೆಲ್ಲ ವೈರಸ್ ಹೊತ್ತುಕೊಂಡು ಹೋಗುತ್ತವೆ. ಹಸು, ಎಮ್ಮೆ, ಮನುಷ್ಯರಿಗೂ ಕಚ್ಚಬಹುದು, ಆದರೆ ನಮ್ಮ ರಕ್ತದಲ್ಲಿ ವೈರಸ್ ಸೊಳ್ಳೆಗೆ ಹತ್ತುವಷ್ಟು ಬೆಳೆಯುವುದಿಲ್ಲ. ನಮ್ಮ ಹತ್ತಿರ ಬಂದು ಅದರ ದಾರಿ ಮುಗಿಯುತ್ತದೆ. ಹಂದಿಯ ಹತ್ತಿರ ಮುಗಿಯುವುದಿಲ್ಲ.

ಇದಕ್ಕೂ ಕರ್ನಾಟಕಕ್ಕೂ ಹಳೇ ನಂಟಿದೆ. ಭಾರತದಲ್ಲಿ ಮೊದಲ ರೋಗಿಗಳು ಪತ್ತೆಯಾಗಿದ್ದು 1955ರಲ್ಲಿ, ತಮಿಳುನಾಡಿನ ವೆಲ್ಲೂರಿನ ಕಡೆ. 1970ರ ದಶಕದ ಕೊನೆಗೆ ಕೋಲಾರ ಜಿಲ್ಲೆಯಲ್ಲಿ ದೊಡ್ಡದಾಗಿ ಕಾಣಿಸಿತು. 1980ರ ದಶಕದ ಮೊದಲಲ್ಲಿ ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಿದ ವೈರಸ್ ತಳಿಯಿಂದಲೇ ಭಾರತ್ ಬಯೋಟೆಕ್‌ನವರ ಜೆನ್ವ್ಯಾಕ್ ಲಸಿಕೆ ತಯಾರಾಗಿದ್ದು. ನಮ್ಮ ಊರಿನ ವೈರಸ್, ನಮ್ಮ ಮಕ್ಕಳ ಲಸಿಕೆ. ಇದು ಎಲ್ಲೋ ಜಪಾನಿನ ಕಾಯಿಲೆ ಅಂದುಕೊಂಡವರಿಗೆ ಹೇಳಿದೆ ಅಷ್ಟೆ.

ಮೊದಲ ಅರ್ಧ ಗಂಟೆ

ಸತ್ತ ಮರಿಗಳನ್ನು ತಿಪ್ಪೆಗೆ ಎಸೆಯಬೇಡಿ, ನಾಯಿಗೆ ಹಾಕಬೇಡಿ. ಕೈಗೆ ರಬ್ಬರ್ ಗ್ಲೌಸ್, ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ. ಯಾಕೆಂದರೆ ಕಂದು ಹಾಕುವುದಕ್ಕೆ (ಗರ್ಭಪಾತಕ್ಕೆ) ಬ್ರೂಸೆಲ್ಲಾ, ಇಲಿ ಜ್ವರದ ಲೆಪ್ಟೊಸ್ಪೈರಾ ಅನ್ನುವ ರೋಗಾಣುಗಳು ಕೂಡ ಕಾರಣ ಇರಬಹುದು, ಅವು ಮನುಷ್ಯರಿಗೆ ನೇರವಾಗಿ ಹತ್ತುತ್ತವೆ. ಮನೆಯಲ್ಲಿ ಬಸುರಿ ಇದ್ದರೆ ಅವರು ಆ ಕಡೆ ಬರುವುದೇ ಬೇಡ.

ಒಂದು ಗೋಣಿ ಚೀಲ ಹಾಸಿ ಎಲ್ಲ ಮರಿಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಡಿ. ಪಕ್ಕದಲ್ಲಿ ಒಂದು ಸ್ಕೇಲ್ ಅಥವಾ ಟೇಪ್ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಈ ಒಂದು ಫೋಟೋ ಪಶುವೈದ್ಯರಿಗೆ ನಿಮ್ಮ ಅರ್ಧ ಗಂಟೆಯ ವಿವರಣೆಗಿಂತ ಜಾಸ್ತಿ ಹೇಳುತ್ತದೆ.

ಆಮೇಲೆ ವೈದ್ಯರಿಗೆ ಫೋನ್ ಮಾಡಿ. ನಿಮ್ಮ ಹೋಬಳಿಯ ಪಶು ಆಸ್ಪತ್ರೆ ಸಿಗದಿದ್ದರೆ 1962ಕ್ಕೆ ಮಾಡಿ, ಅದು ಪಶುಪಾಲಕರ ಸಹಾಯವಾಣಿ. ಅವರು ಬರುವವರೆಗೆ ಒಂದೆರಡು ತಾಜಾ ಮರಿಗಳನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಐಸ್ ಇರುವ ಥರ್ಮೊಕೋಲ್ ಡಬ್ಬದಲ್ಲಿಡಿ. ಸತ್ತ ಮರಿ, ಕಸ (ಮಾಸು), ಎರಡೂ ಇರಲಿ. ತಂಪಾಗಿದ್ದರೆ ಸಾಕು, ಕಲ್ಲಿನ ಹಾಗೆ ಗಟ್ಟಿ ಮಾಡುವುದು ಬೇಡ. ಮನೆಯ ಫ್ರಿಜ್ಜಿನಲ್ಲಂತೂ ಇಡಲೇಬೇಡಿ, ಇದನ್ನು ಹೇಳಬೇಕಾಗಿ ಬರುತ್ತದೆ ಅನ್ನುವುದೇ ಬೇಸರ.

ಒಂದು ಸಣ್ಣ ಉಪಾಯ, ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಬದುಕಿರುವ ಮರಿ ಇನ್ನೂ ಹಾಲು ಕುಡಿದಿಲ್ಲ ಅಂದರೆ, ಕುಡಿಯುವ ಮೊದಲೇ ಅದರ ರಕ್ತ ತೆಗೆಯಲು ಸಾಧ್ಯವಾ ಅಂತ ವೈದ್ಯರನ್ನು ಕೇಳಿ. ಹಂದಿಯಲ್ಲಿ ತಾಯಿಯ ರೋಗನಿರೋಧಕ ಅಂಶ ಹೊಟ್ಟೆಯೊಳಗೆ ಮರಿಗೆ ಇಳಿಯುವುದಿಲ್ಲ, ಗಿಣ್ಣು ಹಾಲಿನಿಂದ ಮಾತ್ರ ಬರುತ್ತದೆ. ಹಾಗಾಗಿ ಹಾಲು ಕುಡಿಯದ ಮರಿಯ ರಕ್ತದಲ್ಲಿ ಜೆಇ ವಿರುದ್ಧದ ಅಂಶ ಸಿಕ್ಕಿತು ಅಂದರೆ ಆ ಮರಿಗೆ ಹೊಟ್ಟೆಯಲ್ಲೇ ಸೋಂಕು ತಗುಲಿತ್ತು ಅಂತ ಅರ್ಥ. ಕುಡಿದ ಮೇಲೆ ತೆಗೆದರೆ ತಾಯಿಯದ್ದೋ ಮರಿಯದ್ದೋ ತಿಳಿಯುವುದಿಲ್ಲ. ಆದರೆ ವೈದ್ಯರು ಬರುವುದು ಮಧ್ಯಾಹ್ನ ಆಗುತ್ತದೆ ಅಂದರೆ ಮರಿಯನ್ನು ಉಪವಾಸ ಕೆಡವಬೇಡಿ, ಗಿಣ್ಣು ಹಾಲು ಮುಖ್ಯ.

ಮಾದರಿಗಳು ಕೊನೆಗೆ ಹೋಗುವುದು ಬೆಂಗಳೂರಿಗೆ. ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆ ಇದೆ, ಯಲಹಂಕದ ಕಡೆ ಪಶು ರೋಗಗಳ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ನಿವೇದಿ ಇದೆ. ಯಾವುದಕ್ಕೆ ಕಳಿಸಬೇಕು ಅನ್ನುವುದನ್ನು ವೈದ್ಯರೇ ನೋಡಿಕೊಳ್ಳಲಿ. ಮಾದರಿ ತೆಗೆದ ಮೇಲೆ ಉಳಿದದ್ದನ್ನು ಬಾವಿ, ಬೋರ್‌ವೆಲ್‌ನಿಂದ ದೂರ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ.

ಹಿಂದಕ್ಕೆ ಎಣಿಸುವ ಲೆಕ್ಕ

ಇದು ಇಡೀ ಬರಹದ ಮುಖ್ಯ ಭಾಗ. ಹಂದಿಯ ಗಬ್ಬ 114 ದಿನ. ಹಳಬರ ಲೆಕ್ಕ ಗೊತ್ತಲ್ಲ, ಮೂರು ತಿಂಗಳು ಮೂರು ವಾರ ಮೂರು ದಿನ.

ಗಂಡು ಬಿಟ್ಟ ತಾರೀಕು ನಿಮ್ಮ ಹತ್ತಿರ ಬರೆದಿಟ್ಟಿದ್ದರೆ, ಸತ್ತ ಮರಿಯ ಉದ್ದದಿಂದ ಅದು ಗಬ್ಬದ ಎಷ್ಟನೇ ದಿನ ಸತ್ತಿತು ಅಂತ ಸುಮಾರಾಗಿ ಹೇಳಬಹುದು. ಮರಿಯ ನೆತ್ತಿಯಿಂದ ಬಾಲದ ಬುಡದವರೆಗೆ ಸೆಂಟಿಮೀಟರಿನಲ್ಲಿ ಅಳೆಯಿರಿ. ಅದನ್ನು ಮೂರರಿಂದ ಗುಣಿಸಿ, 21 ಕೂಡಿಸಿ. ಬಂದ ಸಂಖ್ಯೆಯೇ ಸತ್ತಾಗಿನ ವಯಸ್ಸು, ಕೆಲವು ದಿನ ಹಿಂದೆ ಮುಂದೆ.

ಒಂದು ಉದಾಹರಣೆ ಹಾಕೋಣ. ಜುಲೈ 1ಕ್ಕೆ ಗಂಡು ಬಿಟ್ಟಿದ್ದಿರಿ, ಅಕ್ಟೋಬರ್ 23ರ ಹೊತ್ತಿಗೆ ಈದಿದೆ. ಚಿಕ್ಕ ಮರಿ 9 ಸೆಂಟಿಮೀಟರ್. 27, ಅದಕ್ಕೆ 21 ಸೇರಿಸಿದರೆ 48. ಅಂದರೆ ಆಗಸ್ಟ್ 18ರ ಸುಮಾರಿಗೆ ಸತ್ತಿದೆ. ಇನ್ನೊಂದು 13 ಸೆಂಟಿಮೀಟರ್, ಲೆಕ್ಕ 60 ದಿನಕ್ಕೆ ಬರುತ್ತದೆ, ಆಗಸ್ಟ್ ಕೊನೆ. ಒಂದೇ ಹೊಟ್ಟೆಯಲ್ಲಿ ಬೇರೆ ಬೇರೆ ಅಳತೆಯ ಮರಿ ಯಾಕೆ ಅಂದರೆ, ವೈರಸ್ ಒಂದೇ ಸಲ ಎಲ್ಲಕ್ಕೂ ಹೋಗುವುದಿಲ್ಲ, ಒಂದರಿಂದ ಪಕ್ಕದ್ದಕ್ಕೆ ಹೋಗುತ್ತಾ ಸಾಗುತ್ತದೆ. ಹಾಗಾಗಿ ಎಲ್ಲಕ್ಕಿಂತ ಚಿಕ್ಕ ಮರಿಯೇ ನಿಮ್ಮ ಗಡಿಯಾರ. ತಾಯಿಗೆ ಸೋಂಕು ತಗುಲಿದ್ದು ಅದಕ್ಕೂ ಮೊದಲು, ಆಗಸ್ಟ್ ಮೊದಲ ಹದಿನೈದು ದಿನದ ಒಳಗೆ ಎಲ್ಲೋ.

ಈಗ ನೆನಪು ಮಾಡಿಕೊಳ್ಳಿ. ಆಗಸ್ಟ್ ಮೊದಲ ವಾರ ಏನಿತ್ತು? ನಾಲೆಗೆ ನೀರು ಬಿಟ್ಟಿದ್ದರಾ, ಪಕ್ಕದ ಗದ್ದೆಯಲ್ಲಿ ನಾಟಿ ಆಗಿತ್ತಾ, ಶೆಡ್ಡಿನ ಹಿಂದಿನ ಗುಂಡಿ ತುಂಬಿ ಹರಿಯುತ್ತಿತ್ತಾ? ಮುಖ್ಯವಾಗಿ, ಆಗಸ್ಟಿನಲ್ಲಿ ಗಬ್ಬವಾಗಿದ್ದ ಬೇರೆ ಹಂದಿಗಳು ಯಾವುವು? ಅವುಗಳ ಹೆಸರು ಅಥವಾ ಕಿವಿ ನಂಬರ್ ಬರೆದುಕೊಳ್ಳಿ. ಮುಂದಿನ ಪೆಟ್ಟು ಬೀಳುವುದಿದ್ದರೆ ಅಲ್ಲಿಂದಲೇ ಬೀಳುತ್ತದೆ, ಆಗ ನೀವು ಆಶ್ಚರ್ಯಪಡಬೇಕಾಗಿಲ್ಲ.

70 ದಿನ ದಾಟಿದ ಮೇಲೆ ಸೋಂಕು ತಗುಲಿದರೆ ಮರಿ ತಾನೇ ಸ್ವಲ್ಪ ಹೋರಾಡುತ್ತದೆ, ಅದರ ಮೈಯಲ್ಲಿ ಆ ಶಕ್ತಿ ಬಂದಿರುತ್ತದೆ. ಅದಕ್ಕೇ ಗಬ್ಬದ ಮೊದಲ 60-70 ದಿನ ಅಪಾಯದ ಕಾಲ.

ಗಂಡು ಹಂದಿಯನ್ನು ಮರೆಯಬೇಡಿ. ಅದಕ್ಕೂ ಜ್ವರ ಬಂದು ಬೀಜ ಊದಿಕೊಳ್ಳಬಹುದು, ಹತ್ತುವ ಉತ್ಸಾಹ ಕಡಿಮೆಯಾಗಬಹುದು, ವೀರ್ಯ ಕೆಡಬಹುದು. ಸಾಮಾನ್ಯವಾಗಿ ಮತ್ತೆ ಸರಿಹೋಗುತ್ತದೆ, ಕೆಲವಕ್ಕೆ ಹೋಗುವುದಿಲ್ಲ. ಅದೇ ಹೊತ್ತಿನಲ್ಲಿ ಹಂದಿಗಳು ಒಂದರ ಹಿಂದೊಂದು ಮತ್ತೆ ಬೆದೆಗೆ ಬಂದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಗುರುತು ಸಿಗುವುದು ಇಂಥ ಜೋಡಿ ಲಕ್ಷಣಗಳಿಂದ.

ಇನ್ನು ತಾಯಿ ಹಂದಿ. ಮಾರಬೇಡಿ! ಒಮ್ಮೆ ಸೋಂಕು ಬಂದು ಹೋದ ಹಂದಿಗೆ ಇದರ ವಿರುದ್ಧ ಶಕ್ತಿ ಬಂದಿರುತ್ತದೆ. ಕಾರಣ ಜೆಇಯೇ ಅಂತ ಖಾತ್ರಿಯಾದರೆ, ಮುಂದಿನ ಸಲ ಅದೇ ಹಂದಿ ಚೆನ್ನಾಗಿ ಮರಿ ಹಾಕುವ ಸಾಧ್ಯತೆಯೇ ಹೆಚ್ಚು. ಅದನ್ನು ಮಾರಿ ಹೊಸ ಎಳೆ ಹಂದಿ ತಂದರೆ, ಶಕ್ತಿ ಇದ್ದದ್ದನ್ನು ಕಳುಹಿಸಿ ಇಲ್ಲದ್ದನ್ನು ತಂದ ಹಾಗೆ. ಗರ್ಭಕೋಶದಲ್ಲಿ ಒಣಗಿದ ಮರಿ ಉಳಿದಿದೆಯಾ ಅಂತ ಮಾತ್ರ ನೋಡಿಸಿ. ಜೆಇಗೆ ಔಷಧ ಅಂತ ಯಾವುದೂ ಇಲ್ಲ, ಆಂಟಿಬಯೋಟಿಕ್ ಚುಚ್ಚಿಸಿದರೆ ವೈರಸ್ಸಿಗೆ ಏನೂ ಆಗುವುದಿಲ್ಲ.

ಸೊಳ್ಳೆಯೇ ಅಂತ ಹಟ ಹಿಡಿಯಬೇಡಿ

ಇದೇ ಥರ ಬೇರೆ ಬೇರೆ ಅಳತೆಯ ಒಣ ಮರಿ ಹಾಕಿಸುವುದರಲ್ಲಿ ಪಾರ್ವೊ ವೈರಸ್ ಎತ್ತಿದ ಕೈ. ಅದಕ್ಕೆ ಸೊಳ್ಳೆ ಬೇಕಿಲ್ಲ, ಕಾಲವೂ ಇಲ್ಲ, ವರ್ಷವಿಡೀ ಬರುತ್ತದೆ. ಪಾರ್ವೊದಲ್ಲಿ ಗಂಡು ಹಂದಿಗೆ ಏನೂ ಆದಂತೆ ಕಾಣುವುದಿಲ್ಲ. ಜೆಇಯಲ್ಲಿ ಹುಟ್ಟಿದ ಮರಿಗಳಲ್ಲಿ ನಡುಕ, ಫಿಟ್ಸ್, ತಲೆಯಲ್ಲಿ ನೀರು ತುಂಬಿ ಬುರುಡೆ ಉಬ್ಬಿರುವುದು, ಚರ್ಮದ ಕೆಳಗೆ ನೀರು ಇವೆಲ್ಲ ಕಾಣಬಹುದು. ಇಷ್ಟರಿಂದಲೇ ತೀರ್ಮಾನ ಮಾಡಬೇಡಿ, ಲ್ಯಾಬ್ ಹೇಳಬೇಕು.

ದೊಡ್ಡ ಹಂದಿಗಳೇ ಜ್ವರ ಬಂದು ಮಲಗುತ್ತಿವೆ, ಕಿವಿ ಹೊಟ್ಟೆ ಕೆಂಪಗೆ ನೇರಳೆ ಬಣ್ಣಕ್ಕೆ ತಿರುಗುತ್ತಿದೆ, ಒಂದೊಂದೇ ಸಾಯುತ್ತಿವೆ ಅಂದರೆ ಅದು ಜೆಇ ಅಲ್ಲ. ಹಂದಿ ಜ್ವರ ಇರಬಹುದು, ಅಥವಾ 2020ರಲ್ಲಿ ಅಸ್ಸಾಂ, ಅರುಣಾಚಲದ ಕಡೆಯಿಂದ ಭಾರತಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ ಇರಬಹುದು. ಆಗ ಈ ಬರಹ ಪಕ್ಕಕ್ಕಿಟ್ಟು ಅದೇ ಗಂಟೆ ಇಲಾಖೆಗೆ ತಿಳಿಸಿ. ಒಂದು ಹಂದಿಯೂ ಫಾರಂ ಬಿಟ್ಟು ಹೊರಗೆ ಹೋಗಬಾರದು, ಮಾಂಸವೂ ಕೂಡ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 1998ರ ಕೊನೆಯಲ್ಲಿ ಮಲೇಷ್ಯಾದ ಇಪೋ ಸುತ್ತಮುತ್ತ ಹಂದಿ ಸಾಕುವವರಿಗೆ ಮೆದುಳು ಜ್ವರ ಶುರುವಾಯಿತು. ಹಂದಿ ಇದೆ, ಮೆದುಳು ಜ್ವರ ಇದೆ, ಇನ್ನೇನು ಜೆಇಯೇ ಅಂದುಕೊಂಡರು. ಫಾಗಿಂಗ್ ಮಾಡಿದರು, ಜನಕ್ಕೆ ಜೆಇ ಲಸಿಕೆ ಹಾಕಿದರು. ಜನ ಸಾಯುವುದು ನಿಲ್ಲಲಿಲ್ಲ. ನೋಡಿದರೆ ಕಾಯಿಲೆ ಬೀಳುತ್ತಿದ್ದವರು ಮಕ್ಕಳಲ್ಲ, ಹಂದಿಯನ್ನು ಕೈಯಾರೆ ಮುಟ್ಟಿ ಕೆಲಸ ಮಾಡುವ ದೊಡ್ಡವರು. ಹಂದಿಗಳೂ ಜೋರಾಗಿ ಕೆಮ್ಮುತ್ತಿದ್ದವು. ಜೆಇಯಲ್ಲಿ ಎರಡೂ ಹಾಗಿರುವುದಿಲ್ಲ. 1999ರ ಮಾರ್ಚಿನಲ್ಲಿ ಗೊತ್ತಾಯಿತು, ಅದು ಹೊಸ ವೈರಸ್ ಅಂತ. ಸುಂಗಾಯ್ ನಿಪಾ ಅನ್ನುವ ಹಳ್ಳಿಯ ಹೆಸರೇ ಅದಕ್ಕೆ ಬಂತು. ನೂರಕ್ಕೂ ಹೆಚ್ಚು ಜನ ತೀರಿಕೊಂಡರು, ಸುಮಾರು ಹತ್ತು ಲಕ್ಷ ಹಂದಿಗಳನ್ನು ಕೊಂದರು. ಸೊಳ್ಳೆ ಓಡಿಸುತ್ತಾ ಕಳೆದ ಆ ತಿಂಗಳುಗಳು ವಾಪಸ್ ಬರಲಿಲ್ಲ.

ಚೀನಾದ ಹುನಾನ್ ಪ್ರಾಂತ್ಯದಲ್ಲಿ 2017ರಲ್ಲಿ ಹಂದಿ ಮರಿಗಳು ಸತ್ತಾಗ ಸಿಕ್ಕಿದ್ದು ಗೆಟಾ ಅನ್ನುವ ಇನ್ನೊಂದು ವೈರಸ್, ಅದೂ ಸೊಳ್ಳೆಯದೇ. ಹಾಗಾಗಿ ಸೊಳ್ಳೆ ಅಂದ ಮಾತ್ರಕ್ಕೆ ಜೆಇ ಒಂದೇ ಅಂತಲೂ ಅಲ್ಲ.

ನೀರು ನೋಡಿಕೊಂಡು ಒಂದು ಸುತ್ತು ಬನ್ನಿ

ಡೆಂಗಿ ಪ್ರಚಾರ ಕೇಳಿ ಕೇಳಿ ನಮಗೆಲ್ಲ ಸೊಳ್ಳೆ ಅಂದರೆ ತೊಟ್ಟಿ, ಟೈರು, ತೆಂಗಿನ ಚಿಪ್ಪಿನ ಒಳ್ಳೆ ನೀರು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಅದು ಈಡಿಸ್ ಸೊಳ್ಳೆ, ಹಗಲು ಕಚ್ಚುವುದು. ನಮ್ಮ ಕಥೆಯ ಸೊಳ್ಳೆ ಬೇರೆ. ಒಂದು ಜಾತಿ ಗದ್ದೆ ನೀರಿನಲ್ಲಿ ಹುಟ್ಟುತ್ತದೆ, ಇನ್ನೊಂದಕ್ಕೆ ಹಂದಿ ಶೆಡ್ಡಿನ ಕೊಳಚೆಯೇ ತವರು. ಎರಡೂ ಕತ್ತಲಾದ ಮೇಲೆ ಕಚ್ಚುತ್ತವೆ.

ಒಂದು ಬಿಳಿ ಪ್ಲಾಸ್ಟಿಕ್ ಮಗ್ಗಿಗೆ ಉದ್ದನೆ ಕೋಲು ಕಟ್ಟಿಕೊಳ್ಳಿ. ಶೆಡ್ಡಿನ ಚರಂಡಿ, ಗಂಜಲ ಗುಂಡಿ, ತೊಳೆದ ನೀರು ನಿಲ್ಲುವ ಜಾಗ, ಹಂದಿ ಹೊರಳಾಡುವ ಕೆಸರು ಹೊಂಡ, ಟ್ಯಾಂಕಿನ ಕೆಳಗಿನ ತೇವ, ಎಲ್ಲ ಕಡೆ ಅಂಚಿನಿಂದ ಒಂದೊಂದು ಮಗ್ಗು ಎತ್ತಿ ನೋಡಿ. ನಡುವಿನಿಂದ ಎತ್ತಿದರೆ ಸಿಗುವುದಿಲ್ಲ, ಹುಲ್ಲು ಇರುವ ಅಂಚಿನಲ್ಲಿ ಅವು ಇರುತ್ತವೆ. ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡುವ ಹುಳ ಕಂಡರೆ ಕ್ಯೂಲೆಕ್ಸ್ ಅಥವಾ ಈಡಿಸ್. ನೀರಿನ ಮೇಲೆ ಚಪ್ಪಟೆಯಾಗಿ ಮಲಗಿದ್ದರೆ ಮಲೇರಿಯಾದ ಅನಾಫಿಲಿಸ್. ಕೊಳಚೆಯಲ್ಲಿ ಓರೆಯಾಗಿ ನೇತಾಡುತ್ತಿದ್ದರೆ ನಮ್ಮದೇ ಗಿರಾಕಿ. ಮಸಿ ಕಣದ ಹಾಗೆ ತೇಲುವ ಸಣ್ಣ ದೋಣಿ ಕಂಡರೆ ಅದು ಮೊಟ್ಟೆಗಳ ಗೊಂಚಲು, ಒಂದರಲ್ಲೇ ನೂರು ಇನ್ನೂರು ಇರುತ್ತವೆ.

ನಮ್ಮ ಬಿಸಿಲಿಗೆ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಏಳರಿಂದ ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಅನ್ನುವುದು. ಎರಡು ವಾರಕ್ಕೊಮ್ಮೆ ಮಾಡಿದರೆ ಮಾಡದ ಹಾಗೇ. ನಿಮ್ಮೂರಿನ ಸಂತೆ ದಿನವನ್ನೇ ನೀರು ನೋಡುವ ದಿನ ಮಾಡಿಕೊಳ್ಳಿ, ಮರೆಯುವುದಿಲ್ಲ.

ಸರಿಪಡಿಸುವುದರಲ್ಲಿ ದುಬಾರಿ ಕೆಲಸಕ್ಕಿಂತ ಇಳಿಜಾರು ಮುಖ್ಯ. ಚರಂಡಿಯಲ್ಲಿ ನೀರು ನಿಲ್ಲದೆ ಹರಿದರೆ ಅರ್ಧ ಸಮಸ್ಯೆ ಹೋಯಿತು. ಎಷ್ಟೋ ಶೆಡ್ಡುಗಳಲ್ಲಿ ನೆಲಕ್ಕೆ ಒಳ್ಳೆ ಸಿಮೆಂಟ್ ಹಾಕಿರುತ್ತಾರೆ, ಆದರೆ ಚರಂಡಿ ಶೆಡ್ಡು ಮುಗಿದಲ್ಲಿಗೆ ಮುಗಿದುಹೋಗಿರುತ್ತದೆ, ಆಮೇಲೆ ನೀರು ಎಲ್ಲಿಗೆ ಹೋಗಬೇಕು ಅಂತ ಯಾರೂ ಯೋಚಿಸಿರುವುದಿಲ್ಲ, ಅದು ಪಕ್ಕದ ಹುಲ್ಲಿನಲ್ಲಿ ಹರಡಿ ಹಸಿರು ಕೆರೆ ಕಟ್ಟಿರುತ್ತದೆ. ಗುಂಡಿ ಬೇಕೇ ಬೇಕು ಅಂದರೆ ಅಂಚು ಕಡಿದಾಗಿರಲಿ, ಅಂಚಿನ ಹುಲ್ಲು ತೆಗೆಯಿರಿ, ಮೇಲೆ ತೇಲುವ ಹೊಟ್ಟು, ಕಸ ಎಳೆದು ಹಾಕಿ. ಗೋಬರ್ ಗ್ಯಾಸ್ ಘಟಕ ಇದ್ದರೆ ಕೊಳಚೆ ಅದರೊಳಗೆ ಮುಚ್ಚಿಹೋಗುತ್ತದೆ, ಸೊಳ್ಳೆಗೂ ದಾರಿ ಇಲ್ಲ, ಅಡುಗೆಗೂ ಆಯಿತು. ಹೊರಗೆ ಬರುವ ಸ್ಲರಿ ಗುಂಡಿ ಮಾತ್ರ ನೋಡಿಕೊಳ್ಳಬೇಕು.

ಗಪ್ಪಿ ಮೀನು ಸ್ವಲ್ಪ ಕೊಳಕು ನೀರಿಗೂ ತಡೆದುಕೊಳ್ಳುತ್ತದೆ, ತೊಟ್ಟಿಗೆ, ಕೃಷಿ ಹೊಂಡಕ್ಕೆ ಬಿಡಬಹುದು. ದಪ್ಪ ಗಂಜಲದ ಗುಂಡಿಗೆ ಬಿಟ್ಟರೆ ಮೀನು ಸಾಯುತ್ತದೆ ಅಷ್ಟೆ. ಕೆರೆಗೆ, ಹೊಳೆಗೆ ಬಿಡಬೇಡಿ, ಅಲ್ಲಿನ ಸ್ಥಳೀಯ ಮೀನುಗಳಿಗೆ ತೊಂದರೆ. ಖಾಲಿ ಮಾಡಲಾಗದ ಗುಂಡಿಗೆ ಬಿಟಿಐ ಅನ್ನುವ ಜೈವಿಕ ಪುಡಿ ಅಥವಾ ದ್ರಾವಣ ಇದೆ, ಅದು ಸೊಳ್ಳೆ ಮರಿಗಳನ್ನು ಕೊಲ್ಲುತ್ತದೆ, ದನ, ಹಂದಿ, ಮೀನಿಗೆ ಏನೂ ಮಾಡುವುದಿಲ್ಲ. ಗಲೀಜು ಹೆಚ್ಚಿದ್ದಷ್ಟೂ ಅದರ ಶಕ್ತಿ ಬೇಗ ಇಳಿಯುತ್ತದೆ, ಲೇಬಲ್ ನೋಡಿ ಹಾಕಿ. ಹಳೇ ಎಂಜಿನ್ ಆಯಿಲ್ ಸುರಿಯುವ ಅಭ್ಯಾಸ ಬಿಡಿ, ನಿಮ್ಮದೇ ಬೋರ್‌ವೆಲ್ ಕೆಡುತ್ತದೆ.

ಪಕ್ಕದ ಗದ್ದೆ ನಿಮ್ಮದಲ್ಲ, ಅದರ ಬಗ್ಗೆ ಏನು ಮಾಡುವುದು? ನಿಮ್ಮದೇ ಆಗಿದ್ದರೆ ನೀರನ್ನು ಸದಾ ನಿಲ್ಲಿಸದೆ ಆಗಾಗ ಬಸಿದು ಒಣಗಲು ಬಿಟ್ಟು ಮತ್ತೆ ಕಟ್ಟಬಹುದು, ಸೊಳ್ಳೆ ಮರಿಗಳು ಒಣ ನೆಲದಲ್ಲಿ ಉಳಿಯುವುದಿಲ್ಲ, ನೀರೂ ಉಳಿಯುತ್ತದೆ. ಬೇರೆಯವರದಾದರೆ ಸುಮ್ನೆ ಜಗಳ ಬೇಡ, ಈ ಸೊಳ್ಳೆ ಒಂದೆರಡು ಕಿಲೋಮೀಟರ್ ಆರಾಮಾಗಿ ಹಾರಿ ಬರುತ್ತದೆ, ಎಷ್ಟು ಗದ್ದೆಯವರ ಜೊತೆ ಜಗಳ ಆಡುತ್ತೀರಿ? ಆಗ ಶೆಡ್ಡನ್ನು ಕಾಯುವುದೇ ದಾರಿ.

ಶೆಡ್ಡು, ಕತ್ತಲಾದ ಮೇಲೆ

ಸೊಳ್ಳೆ ಪರದೆ ಒಳ್ಳೆಯದೇ, ಆದರೆ ಒಂದು ತೊಡಕಿದೆ. ಹಂದಿ ಬೆವರುವುದಿಲ್ಲ. ಸುತ್ತ ಬಲೆ ಬಿಗಿದು ಗಾಳಿ ಕಟ್ಟಿದರೆ ಸೆಖೆಗೇ ಗಬ್ಬದ ಹಂದಿ ಒದ್ದಾಡುತ್ತದೆ, ಅದರಿಂದಲೂ ಕಂದು ಹಾಕಬಹುದು. ಹಾಗಾಗಿ ಇಡೀ ಶೆಡ್ಡಿಗೆ ಬಲೆ ಹಾಕುವ ಬದಲು ಗಬ್ಬದ ಮೊದಲ 70 ದಿನದ ಹಂದಿಗಳನ್ನು ಒಂದು ಕಡೆ ಸೇರಿಸಿ, ಆ ಭಾಗಕ್ಕೆ ಮಾತ್ರ ಹಾಕಿ. ಸಂಜೆ ಇಳಿಸಿ, ಬೆಳಗಾದ ಮೇಲೆ ಎತ್ತಿ. ಒಳಗೆ ಫ್ಯಾನ್ ಇರಲಿ. ಫ್ಯಾನ್ ಎರಡು ಕೆಲಸ ಮಾಡುತ್ತದೆ, ಹಂದಿಗೆ ತಂಪು, ಜೊತೆಗೆ ಸೊಳ್ಳೆಗೆ ಗಾಳಿಯಲ್ಲಿ ಇಳಿಯಲು ಆಗುವುದಿಲ್ಲ. ಕರೆಂಟು ಯಾವಾಗ ಇರುತ್ತದೆ ಅನ್ನುವುದು ನಿಮ್ಮ ಊರಿನ ಮೇಲೆ.

ಗೋಡೆಗೆ ಹೊಡೆಯುವ ಕೀಟನಾಶಕ, ಹಂದಿಯ ಮೈಗೆ ಹಾಕುವ ಔಷಧ ಇವನ್ನು ವೈದ್ಯರನ್ನು ಕೇಳಿ ಬಳಸಿ. ಗದ್ದೆಗೆ ಹೊಡೆಯುವ ಡಬ್ಬ ಉಳಿದಿದೆ ಅಂತ ಅದನ್ನೇ ಶೆಡ್ಡಿಗೆ ಹೊಡೆಯಬೇಡಿ. ಗದ್ದೆಯ ಸೊಳ್ಳೆಗಳು ಆ ವಿಷಗಳನ್ನು ನೋಡಿ ನೋಡಿ ಗಟ್ಟಿಯಾಗಿರುತ್ತವೆ. ಫಾಗಿಂಗ್ ನೋಡಲು ಜೋರು, ಆ ಹೊತ್ತಿಗೆ ಹಾರುತ್ತಿದ್ದವು ಸಾಯುತ್ತವೆ, ಮರುದಿನ ಗುಂಡಿಯಿಂದ ಹೊಸವು ಏಳುತ್ತವೆ. ಬೇವಿನ ಸೊಪ್ಪಿನ ಹೊಗೆ ಹಾಕುವುದಾದರೆ ಹಾಕಿ, ಹೊಗೆ ಇರುವಷ್ಟು ಹೊತ್ತು ಪ್ರಯೋಜನ ಉಂಟು, ಆದರೆ ಮುಚ್ಚಿದ ಶೆಡ್ಡಿನಲ್ಲಿ ಮರಿಗಳಿಗೆ ಉಸಿರು ಕಟ್ಟಬಾರದು.

ಗಂಡು ಬಿಡುವ ತಾರೀಕು

ಖರ್ಚಿಲ್ಲದ, ಆದರೆ ಯಾರೂ ಮಾಡದ ಕೆಲಸ ಇದು. ನಿಮ್ಮ ಕಡೆ ಸೊಳ್ಳೆ ಯಾವ ತಿಂಗಳು ಜೋರು ಅಂತ ಬರೆದಿಡಿ. ಕೋಲಾರ, ಮಂಡ್ಯದ ಕಡೆ ಮೆದುಳು ಜ್ವರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಕಾಣಿಸಿಕೊಂಡಿದೆ, ಬೇಸಿಗೆಯಲ್ಲೂ ಕಾಣಿಸಿಕೊಂಡಿದೆ. ನಿಮ್ಮ ಊರಲ್ಲಿ ನಾಲೆ ನೀರಿನ ಲೆಕ್ಕದಲ್ಲಿ ಬೇರೆ ಇರಬಹುದು.

ಚೊಚ್ಚಲ ಹಂದಿಗಳಿಗೆ ಗಬ್ಬದ ಮೊದಲ 70 ದಿನ ಆ ತಿಂಗಳುಗಳಲ್ಲಿ ಬೀಳದ ಹಾಗೆ ನೋಡಿ. ಡಿಸೆಂಬರ್ ಕೊನೆಗೆ ಗಂಡು ಬಿಟ್ಟರೆ ಮಾರ್ಚ್ ಮೊದಲ ವಾರಕ್ಕೆ ಅಪಾಯದ ಕಾಲ ಮುಗಿಯುತ್ತದೆ. ಒಂದು ಬೆದೆ ಬಿಟ್ಟರೆ ಹೋಗುವುದು 21 ದಿನ. ಅದರ ಫೀಡಿನ ಖರ್ಚು ಕೂಡಿಸಿ, ಎಂಟು ಮರಿಯ ಬೆಲೆಯ ಪಕ್ಕ ಇಟ್ಟು ನೋಡಿ, ಅಷ್ಟೆ.

ಇನ್ನೊಂದು ದಾರಿ, ಎಳೆ ಹಂದಿ ಗಂಡಿಗೆ ಬಿಡುವ ಮೊದಲೇ ಒಂದು ಸೊಳ್ಳೆ ಕಾಲ ದಾಟಿರಬೇಕು. ಹಾಲಿನಿಂದ ಬಂದ ತಾಯಿಯ ರಕ್ಷಣೆ ಎರಡರಿಂದ ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಎಂಟು ತಿಂಗಳು ತುಂಬಿ ಗಂಡಿಗೆ ಬಿಡುವವರೆಗೆ ಸೋಂಕು ಬಂದು ಹೋದರೆ ಹಂದಿಗೆ ಗೊತ್ತೂ ಆಗುವುದಿಲ್ಲ, ಗಬ್ಬದ ಹೊತ್ತಿಗೆ ಶಕ್ತಿ ಬಂದಿರುತ್ತದೆ. ಸೊಳ್ಳೆ ವರ್ಷವಿಡೀ ಇರುವ ಕಡೆ ಹೆಚ್ಚಿನ ಹಂದಿಗಳಿಗೆ ಹೀಗೇ ಆಗುತ್ತದೆ, ಅದಕ್ಕೇ ಅಲ್ಲಿನವರು ನಮಗೆ ಇಂಥ ಸಮಸ್ಯೆ ಇಲ್ಲ ಅನ್ನುತ್ತಾರೆ. ಪೆಟ್ಟು ತಿನ್ನುವುದು ದೂರದ ಮುಚ್ಚಿದ ಫಾರಂನಿಂದ ಗಬ್ಬದ ಯಾರ್ಕ್‌ಷೈರ್ ಹಂದಿ ತಂದು ಗದ್ದೆ ಪಕ್ಕದ ಶೆಡ್ಡಿಗೆ ಬಿಟ್ಟವರು. ತರುವುದಾದರೆ ನಾಲ್ಕೈದು ತಿಂಗಳ ಮರಿ ತನ್ನಿ, ಗಬ್ಬದ ಹಂದಿ ಬೇಡ.

ಈ ವೈರಸ್ಸನ್ನೇ ನೋಡದ ಹಿಂಡಿಗೆ ಅದು ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾ ನೋಡಬೇಕು. 2022ರ ಫೆಬ್ರುವರಿ ಕೊನೆಯಿಂದ, ವಿಪರೀತ ಮಳೆ ಆದ ವರ್ಷ, ಅಲ್ಲಿನ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾ ನಾಲ್ಕೂ ರಾಜ್ಯಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಹಂದಿ ಫಾರಂಗಳಲ್ಲಿ ಒಣ ಮರಿ, ಸತ್ತ ಮರಿ ಹುಟ್ಟಿದವು. ಒಂದೇ ಒಂದು ದೊಡ್ಡ ಹಂದಿ ಕಾಯಿಲೆ ಬಿದ್ದಂತೆ ಕಾಣುವ ಮೊದಲೇ ವೈರಸ್ ಸಾವಿರಾರು ಕಿಲೋಮೀಟರ್ ಹರಡಿಯಾಗಿತ್ತು.

ಜಪಾನ್, ಕೊರಿಯಾ, ತೈವಾನ್‌ನಲ್ಲಿ ತಳಿ ಹಂದಿಗಳಿಗೆ ಸೊಳ್ಳೆ ಕಾಲಕ್ಕೆ ಮುಂಚೆ ಲಸಿಕೆ ಹಾಕುತ್ತಾರೆ. ಮಕ್ಕಳ ಲಸಿಕೆಯನ್ನು ಹಂದಿಗೆ ಹಾಕಿಸೋಣ ಅಂತ ಯಾರಾದರೂ ಬುದ್ಧಿ ಹೇಳಿದರೆ ಕೇಳಬೇಡಿ.

ಮನೆಯವರು

ಹಂದಿ ಮುಟ್ಟಿದರೆ, ಬೇಯಿಸಿದ ಮಾಂಸ ತಿಂದರೆ ಜೆಇ ಬರುವುದಿಲ್ಲ. ಕೊಡಗಿನವರು ಪಂದಿ ಕರಿ ನಿಶ್ಚಿಂತೆಯಿಂದ ತಿನ್ನಬಹುದು. ಬರುವುದು ಸೊಳ್ಳೆಯಿಂದ. ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಅದು ಮೆದುಳಿಗೆ ಏರುತ್ತದೆ, ಆದರೆ ಏರಿದರೆ ನೂರಕ್ಕೆ 30ರವರೆಗೆ ಸಾವು, ಬದುಕಿದವರಲ್ಲೂ ಎಷ್ಟೋ ಮಕ್ಕಳಿಗೆ ಕೈಕಾಲು, ಮಾತು, ಬುದ್ಧಿಗೆ ಜೀವನಪೂರ್ತಿ ತೊಂದರೆ ಉಳಿಯುತ್ತದೆ.

ಶೆಡ್ಡು ಮನೆಗೆ ಅಂಟಿಕೊಂಡಿದ್ದರೆ ಆದಷ್ಟು ದೂರ ಮಾಡಿ. ಮಕ್ಕಳು, ಶೆಡ್ಡಿನಲ್ಲೇ ಮಲಗುವ ಕೆಲಸದವರು, ಎಲ್ಲರಿಗೂ ಸೊಳ್ಳೆ ಪರದೆ ಬೇಕು. ಕೆಲಸದವರಿಗೆ ಪರದೆ ಕೊಡಿಸುವುದು ನಿಮ್ಮ ಖರ್ಚು. ಸಂಜೆ ಮೇಲೆ ಹಂದಿ ಹತ್ತಿರ ಹೋಗುವುದಿದ್ದರೆ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಮಕ್ಕಳ ತಾಯಿ ಕಾರ್ಡ್ ತೆಗೆದು ನೋಡಿ. ಈ ಕಾಯಿಲೆ ಇರುವ ಜಿಲ್ಲೆಗಳಲ್ಲಿ ಜೆಇ ಲಸಿಕೆ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳ ಒಳಗೆ ಇನ್ನೊಂದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 2022ರ ಡಿಸೆಂಬರಿನಲ್ಲಿ ಹಾಸನ, ತುಮಕೂರು, ಉಡುಪಿ, ದಕ್ಷಿಣ ಕನ್ನಡ ಸೇರಿ ಇನ್ನೂ 10 ಜಿಲ್ಲೆಗಳಲ್ಲಿ 15 ವರ್ಷದವರೆಗಿನ ಮಕ್ಕಳಿಗೆ ಅಭಿಯಾನ ಮಾಡಿ ಹಾಕಿದರು. ಕಾರ್ಡಿನಲ್ಲಿ ಜಾಗ ಖಾಲಿ ಇದ್ದರೆ ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿ. ಮಗುವಿಗೆ ಜ್ವರದ ಜೊತೆ ತಲೆನೋವು, ವಾಂತಿ, ಫಿಟ್ಸ್, ಮಂಕು ಹಿಡಿದ ಹಾಗೆ ಇರುವುದು ಇದ್ದರೆ ಮಾತ್ರೆ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ, ದೊಡ್ಡ ಆಸ್ಪತ್ರೆಗೆ ಹೋಗಿ. ಹೋದಾಗ ಡಾಕ್ಟರಿಗೆ ನಮ್ಮನೇಲಿ ಹಂದಿ ಇದೆ, ಹೋದ ತಿಂಗಳು ಸತ್ತ ಮರಿ ಹಾಕಿತ್ತು ಅಂತ ಸಂಕೋಚ ಇಲ್ಲದೆ ಹೇಳಿ.